ಹಳೇ ಯೆಜ್ಡಿಯ ಗಾಲಿ ಬಿಚ್ಚೋಕೆ ಬರ್ತಿಲ್ವಾ? ಸುತ್ತಿಗೆ ಕೆಳಗಿಡಿ

ಚಿಕ್ಕಮಗಳೂರಿನ ಕಡೆ ಹಳೇ ಯೆಜ್ಡಿ ಬೈಕ್ ಸಿಗುವುದು ಹೆಚ್ಚಾಗಿ ತೋಟದ ಶೆಡ್ಡಿನಲ್ಲಿ, ಗೊಬ್ಬರದ ಚೀಲಗಳ ಪಕ್ಕ. ಮಲೆನಾಡಿನ ಮಳೆಗಾಲದ ತೇವ ಒಂದು ಕಡೆ, ಪೊಟ್ಯಾಷಿನ ಉಪ್ಪು ಇನ್ನೊಂದು ಕಡೆ, ಕಬ್ಬಿಣ ಉಳಿಯುತ್ತದಾ? ಇವನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ, ಅಂದರೆ ಅಲ್ಲಿಂದ ಬಂದ ತೀರಾ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸು.

ಮೂಡಿಗೆರೆ ಹತ್ತಿರದ ಮಾವನ ತೋಟದಿಂದ ನಾನು ತಂದ ಗಾಡಿಯ ಇಂಜಿನ್ ಒಂದೇ ವಾರಕ್ಕೆ ಸ್ಟಾರ್ಟ್ ಆಯಿತು, ಹಿಂದಿನ ಗಾಲಿಯ ಆಕ್ಸಲ್ (ಗಾಲಿಯ ನಡುವೆ ತೂರಿಸಿರುವ ಕಬ್ಬಿಣದ ಸರಳು) ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಿಟ್ಟು ಬಂದು ಸುತ್ತಿಗೆಯಲ್ಲಿ ನೇರ ಬಾರಿಸಿದೆ. ತುದಿ ಅಣಬೆಯ ಹಾಗೆ ಅರಳಿತು, ಥ್ರೆಡ್ಡೂ ಹೋಯಿತು. ಆಮೇಲೆ ಲೇತ್ ಅಂಗಡಿಗೆ ಅಲೆದಾಟ.

ಈಗ ಹೇಗೆ ಮಾಡುತ್ತೇನೆ ಅಂದರೆ, ಮೊದಲು ಬ್ರೇಕ್ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡುತ್ತೇನೆ. ಎಷ್ಟೋ ಸಲ ಕಚ್ಚಿಕೊಂಡಿರುವುದು ಆಕ್ಸಲ್ ಅಲ್ಲ, ಗಾಲಿಯ ಬ್ರೇಕ್ ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಶೂ, ಅದು ಡ್ರಮ್ಮಿಗೆ ಅಂಟಿರುತ್ತದೆ. ಬ್ರೇಕಿನ ಲಿವರ್ ಹಿಂದೆ ಮುಂದೆ ಮೆಲ್ಲಗೆ ಆಡಿಸಿದರೆ ಬಿಡುತ್ತದೆ.

ಆಮೇಲೆ ಆಕ್ಸಲ್ಲಿನ ಎರಡೂ ಬದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸುಮ್ನೆ ಬಿಡಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಎರಡು ಮೂರು ದಿನ. ಸಂದಿಯಿಂದ ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ ಜಿನುಗಿದರೆ ಒಳಗಿನ ತುಕ್ಕು ಸಡಿಲವಾಗುತ್ತಿದೆ ಅಂತ ಲೆಕ್ಕ. ಆಗಲೂ ಹೊಡೆಯಬೇಡಿ, ಮೊದಲು ತಿರುಗಿಸಿ. ಆಕ್ಸಲ್ ತುದಿಯಲ್ಲಿ ತೂತಿದ್ದರೆ ರಾಡ್ ತೂರಿಸಿ, ಇಲ್ಲವಾದರೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ. ಹೊಡೆಯಲೇಬೇಕು ಅಂದರೆ ನಟ್ಟನ್ನು ತುದಿಯ ಮಟ್ಟಕ್ಕೆ ವಾಪಸ್ ಹಾಕಿ, ಹಿತ್ತಾಳೆ ರಾಡ್ ಅಡ್ಡ ಇಟ್ಟು ಹೊಡೆಯಿರಿ. ಟಣ್ ಟಣ್ ಅನ್ನುತ್ತಿದ್ದ ಸದ್ದು ಒಮ್ಮೆಲೇ ಮಂಕಾಗುತ್ತದೆ. ಬಿಟ್ಟಿತು ಅಂತ ಕೈಗೇ ಗೊತ್ತಾಗುತ್ತದೆ.

ಡ್ರಮ್ ತೆರೆದಾಗ ಒಳಗಿನ ಧೂಳನ್ನು ಬಾಯಿಂದಲೋ ಕಂಪ್ರೆಸರಿನಿಂದಲೋ ಊದಬೇಡಿ. ಬ್ರೇಕ್ ಶೂ ಮೇಲಿನ ಹಳೇ ಲೈನರ್‌ಗಳಲ್ಲಿ (ಉಜ್ಜುವ ಪಟ್ಟಿಗಳಲ್ಲಿ) ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು, ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ.

ಬೇರಿಂಗ್ ತೆಗೆಯುವಾಗ ಗ್ಯಾಸ್ ಟಾರ್ಚ್ ಹಿಡಿಯುವವರಿದ್ದಾರೆ. ಎಣ್ಣೆ ಸುರಿದ ಜಾಗಕ್ಕೆ ಬೆಂಕಿ ಯಾಕೆ? ನಮ್ಮ ಮನೆಗಳಲ್ಲಿ ಬಚ್ಚಲೊಲೆ ಇದೆಯಲ್ಲ! ಟೈರ್ ಟ್ಯೂಬ್ ಬಿಚ್ಚಿ, ಬೇರಿಂಗ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಎಂಬ ಉಂಗುರ ತೆಗೆದು, ಹಬ್ಬಿಗೆ (ಬೇರಿಂಗ್ ಕೂರುವ ಗಾಲಿಯ ನಡುಭಾಗಕ್ಕೆ) ಗೋಣಿಚೀಲ ಸುತ್ತಿ ಕೊತಕೊತ ಕುದಿಯುವ ನೀರನ್ನು ಎರಡು ಮೂರು ಚೊಂಬು ಹುಯ್ಯಿರಿ. ಕೈಕಾಲು ಜೋಪಾನ. ಹಬ್ಬಿನ ಅಲ್ಯೂಮಿನಿಯಂ ಬೇರಿಂಗಿನ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಬೇರಿಂಗಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಎರಡು ಬೇರಿಂಗ್‌ಗಳ ಮಧ್ಯದ ಕೊಳವೆಯನ್ನು ಒಂದು ಬದಿಗೆ ತಳ್ಳಿ, ಎದುರು ಬದಿಯಿಂದ ರಾಡ್ ಹಾಕಿ ಸುತ್ತಲೂ ಸರದಿಯಂತೆ ತಟ್ಟಿ. ಒಂದೇ ಕಡೆ ಬಡಿದರೆ ಬೇರಿಂಗ್ ಓರೆಯಾಗಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಹೀಗೆ ಹೊರಬಂದದ್ದನ್ನು ಮತ್ತೆ ಹಾಕಬೇಡಿ, ಹೊಸದೇ ತನ್ನಿ.

ಹೊಸದನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಡಿ, ಬೆಳಗ್ಗೆ ಹಬ್ ಬಿಸಿ ಮಾಡಿ, ನೀರು ಒರೆಸಿ ಕೂರಿಸಿ. ತಟ್ಟುವುದಿದ್ದರೆ ಹೊರ ರಿಂಗಿಗೆ ಮಾತ್ರ. ಫ್ರೀಜರಿಗೆ ಹಾಕುವ ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ನಮ್ಮ ಮನೆಯಲ್ಲಿ ಐಸ್‌ಕ್ರೀಮಿಗೆ ಗ್ರೀಸ್ ವಾಸನೆ ಹತ್ತಿದ ಮಾತು ಇನ್ನೂ ನಿಂತಿಲ್ಲ.