ರಾಗಿ ಹೊಲದ ಬದುವಿನಲ್ಲಿ ಮರ ಬೆಳೆಸುವುದು ಹೀಗೆ

ಒಂದು ಎಕರೆ ಹೊಲದ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80 ಸಾವಿರ ಲೀಟರ್ ನೀರು ಬಿದ್ದಂತೆ. 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 16 ಟ್ಯಾಂಕರ್! ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸುತ್ತೇವೆ. ಅದೇ ನಾವು, ಒಂದು ಸಂಜೆಯ ಜೋರು ಮಳೆಯಲ್ಲಿ ಎಷ್ಟೋ ಟ್ಯಾಂಕರ್ ನೀರನ್ನು ಕೆಂಪು ಮಣ್ಣಿನ ಸಮೇತ ಹಳ್ಳಕ್ಕೆ ಬಿಟ್ಟು ಕೂರುತ್ತೇವೆ.

ಹೊಲದಲ್ಲಿ ಮರ ಇರಬೇಕು ಅನ್ನುವುದಕ್ಕೆ ನನ್ನ ಮೊದಲ ಕಾರಣ ಇದೇ. ಬೇರು ಬದುವಿನ ಮಣ್ಣನ್ನು ಹಿಡಿಯುತ್ತದೆ. ಉದುರಿದ ಎಲೆ ಮಳೆಹನಿಯ ಏಟು ತಾಳಿಕೊಳ್ಳುತ್ತದೆ. ಹಳೇ ಬೇರು ಕೊಳೆತ ಕಡೆ ಸಣ್ಣ ದಾರಿಗಳಾಗಿ ನೀರು ಕೆಳಗಿಳಿಯುತ್ತದೆ. ಆದರೆ ಹೊಲದ ನಡುವೆ ನೆಟ್ಟರೆ ರಾಗಿಗೆ ನೆರಳು, ಟ್ರ್ಯಾಕ್ಟರಿಗೆ ಅಡ್ಡ. ಅದಕ್ಕೇ ಬದು ಸರಿಯಾದ ಜಾಗ.

ಮೊದಲು ಹೊಲ ಸುತ್ತಿ ಬನ್ನಿ

ಮಳೆ ಬರುವಾಗ ಒಮ್ಮೆ ಹೊಲದಲ್ಲಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಬದು ಒಡೆಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಇಳಿಜಾರಿನ ಕೆಳಗಿನ ಬದುವೇ ಮುಖ್ಯ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ಕಡೆಯ ಸಾಲು ಗಾಳಿಗೆ ತಡೆಯಾಗುತ್ತದೆ. ಗಾಳಿ ತಗ್ಗಿದರೆ ಮಣ್ಣಿನ ಪಸೆ ಬೇಗ ಆರುವುದಿಲ್ಲ.

ರಾಗಿ ತೆನೆ ಕಟ್ಟುವ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಹಾಗಾಗಿ ನಿಮ್ಮ ಉತ್ತರದ ಬದುವಿನಲ್ಲಿ ದೊಡ್ಡ ಮರ ಹಾಕಿದರೆ ನೆರಳು ಪಕ್ಕದವರ ಹೊಲಕ್ಕೆ. ಗಿಡ ನೆಡುವ ಮುಂಚೆ ಅವರ ಹತ್ತಿರ ಮಾತಾಡಿ, ಗಡಿಯಿಂದ ನಾಲ್ಕೈದು ಅಡಿ ಒಳಗೆ ಬನ್ನಿ. ಮರಕ್ಕಿಂತ ನೆಂಟಸ್ತನ ಕಡಿಮೆಯದೇನಲ್ಲ, ಅಲ್ವಾ?

ಯಾವ ಗಿಡ?

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ನಮ್ಮ ಕಡೆ ಎಷ್ಟೋ ಹೊಲಗಳಿಗೆ ನೀಲಗಿರಿ ಬಂತು. ರಾಗಿ ಬೆಳೆಯುತ್ತಿದ್ದ ಭೂಮಿ ನೀಲಗಿರಿ ತೋಪಾಯಿತು. ಅದು ನೀರನ್ನು ಚೆನ್ನಾಗಿ ಎಳೆಯುತ್ತದೆ, ಎಲೆ ಬೇಗ ಕೊಳೆಯುವುದಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿತು. ಮರ ಅಂದರೆ ಯಾವ ಮರವಾದರೂ ಸರಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನನ್ನು ಕೇಳಿದರೆ ಮೊದಲು ಹೊಂಗೆ. ಬರ ತಡೆಯುತ್ತದೆ, ದನ ಕುರಿ ಅಷ್ಟಾಗಿ ಮುಟ್ಟುವುದಿಲ್ಲ. ಬೇಳೆಕಾಳಿನ ಜಾತಿಯ ಮರವಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಹೊಲವೆಲ್ಲ ಬರಿದಾಗಿರುವಾಗ ಅದರ ಹೂವೇ ಜೇನಿಗೆ ಆಸರೆ. ಜೊತೆಗೆ ಬೇವು, ನೇರಳೆ, ಸೀತಾಫಲ ಇರಲಿ. ಹುಣಸೆ ದೊಡ್ಡ ಮರ, ಮೂಲೆಗೊಂದು ಸಾಕು. ಶ್ರೀಗಂಧ ಒಂಟಿಯಾಗಿ ಏಳುವ ಗಿಡವಲ್ಲ. ಪಕ್ಕದ ಗಿಡದ ಬೇರಿನಿಂದ ನೀರು, ಸಾರ ಎಳೆದುಕೊಳ್ಳುತ್ತದೆ, ಹಾಗಾಗಿ ತೊಗರಿಯಂಥ ಜೊತೆಗಿಡ ಬೇಕೇ ಬೇಕು.

ದೊಡ್ಡ ಮರಗಳ ನಡುವೆ 20 ಅಡಿ ಬಿಡಿ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಅಂದರೆ 40 ಮರ ಹಿಡಿಯುತ್ತದೆ. ನಡುವಿನ ಜಾಗದಲ್ಲಿ ಮೂರು ಅಡಿಗೊಂದು ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ಹಾಕಿ. ಕೋಲು ಊರಿದರೂ ಚಿಗುರುತ್ತದೆ.

ಗುಂಡಿ, ನಾಟಿ

ಮೇ ತಿಂಗಳಲ್ಲೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣನ್ನು ಒಂದು ಕಡೆ, ಒಳಮಣ್ಣನ್ನು ಇನ್ನೊಂದು ಕಡೆ ಗುಡ್ಡೆ ಹಾಕಿ. ಮೇಲ್ಮಣ್ಣಿಗೆ ಒಂದು ಮಂಕರಿ ಕೊಳೆತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಗೊಬ್ಬರ ಹಸಿಯಾಗಿದ್ದರೆ ಗೆದ್ದಲು ಬರುತ್ತದೆ.

ಒಂದೆರಡು ಒಳ್ಳೇ ಮಳೆಯಾಗಿ ಗುಂಡಿಯ ಮಣ್ಣು ಆಳದವರೆಗೆ ನೆನೆದ ಮೇಲೆ ಜೂನ್, ಜುಲೈನಲ್ಲಿ ನೆಡಿ. ಪ್ಲಾಸ್ಟಿಕ್ ಚೀಲ ಪೂರ್ತಿ ತೆಗೆಯಿರಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಅದನ್ನು ಕತ್ತರಿಸಿ. ಇಲ್ಲದಿದ್ದರೆ ಬೇರು ಸುತ್ತುತ್ತಲೇ ಇರುತ್ತದೆ, ಕೆಳಕ್ಕೆ ಇಳಿಯುವುದಿಲ್ಲ. ಗಿಡದ ಇಳಿಜಾರಿನ ಕಡೆಗೆ ಅರ್ಧಚಂದ್ರದಂತೆ ಮಣ್ಣಿನ ಕಟ್ಟೆ ಕಟ್ಟಿದರೆ ಹರಿದು ಬಂದ ನೀರು ಬುಡದಲ್ಲೇ ನಿಲ್ಲುತ್ತದೆ.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತವೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಬದುಕಿದ ಗಿಡಗಳಿಗೆ ಮೂರು ವರ್ಷ ಹಣವೂ ಬರುತ್ತದೆ. ಮಳೆಗಾಲಕ್ಕೆ ಮುಂಚೆಯೇ ಪಹಣಿ ಹಿಡಿದು ವಲಯ ಅರಣ್ಯ ಕಚೇರಿಗೆ ಹೋಗಿ ವಿಚಾರಿಸಿ.

ಮೊದಲ ಎರಡು ಬೇಸಿಗೆ

ನಿಜವಾದ ಕೆಲಸ ಇರುವುದು ಇಲ್ಲಿ. ಗಿಡ ನೆಡುವ ದಿನ ಹತ್ತು ಜನ ಬರುತ್ತಾರೆ, ಫೆಬ್ರವರಿಯಲ್ಲಿ ನೀರು ಹಾಕಲು ಯಾರೂ ಇರುವುದಿಲ್ಲ. ಶ್ರೀನಿವಾಸಪುರದ ಕಡೆ ಇರುವ ನಮ್ಮ ಹೊಲದಲ್ಲಿ ಮೊದಲ ಸಲ ನೆಟ್ಟ 40 ಗಿಡಗಳಲ್ಲಿ ಯುಗಾದಿ ಹೊತ್ತಿಗೆ ಉಳಿದದ್ದು 9. ಕೆಲವನ್ನು ಬಿಸಿಲು ತಿಂದಿತು. ಜಾಸ್ತಿ ಹಾಳಾದದ್ದು ರಾಗಿ ಕೊಯ್ಲಾದ ಮೇಲೆ. ಹೊಲ ಖಾಲಿಯಾದ ಕೂಡಲೇ ಮೇಯಲು ಬಂದ ಮೇಕೆಗಳು ಬೇವು, ನೇರಳೆಯ ಸುಳಿಯನ್ನೇ ಕಚ್ಚಿಹೋದವು. ಆ ಒಣಕಡ್ಡಿಗಳ ಮುಂದೆ ನಿಂತಾಗ ಆದ ಸಂಕಟ ಇನ್ನೂ ಮರೆತಿಲ್ಲ.

ಮುಂದಿನ ವರ್ಷ ಎರಡೇ ಕೆಲಸ ಬದಲಾಯಿಸಿದೆವು. ಕೊಯ್ಲಿಗೆ ಮುಂಚೆಯೇ ಪ್ರತಿ ಗಿಡಕ್ಕೂ ಜಾಲಿ ಮುಳ್ಳಿನ ಬೇಲಿ ಸುತ್ತಿದೆವು. ಜನವರಿಯಿಂದ ಮಳೆ ಬರುವ ತನಕ ವಾರಕ್ಕೊಮ್ಮೆ ಗಿಡಕ್ಕೆ 5 ಲೀಟರ್ ನೀರು ಹಾಕಿದೆವು. 40 ಗಿಡಕ್ಕೆ 200 ಲೀಟರ್, ಅಂದರೆ ಒಂದು ಡ್ರಮ್ ಅಷ್ಟೇ. ದಿನಾ ಸುಮ್ನೆ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ಚೆನ್ನಾಗಿ ಕುಡಿಸಿದರೆ ಬೇರು ನೀರನ್ನು ಹುಡುಕಿ ಆಳಕ್ಕೆ ಹೋಗುತ್ತದೆ. ಬುಡಕ್ಕೆ ತೊಗರಿ ಕಡ್ಡಿ, ಅವರೆ ಹೊಟ್ಟು, ಒಣ ಎಲೆ ಮುಚ್ಚಿ. ರಾಗಿ ಹುಲ್ಲು ದನಕ್ಕಿರಲಿ.

ಬೆಳೆದ ಮೇಲೆ

ಗೊಬ್ಬರದ ಗಿಡ ಚೆನ್ನಾಗಿ ಬೇರೂರಿದ ಮೇಲೆ ಸೊಂಟದೆತ್ತರಕ್ಕೆ ಕಡಿದು, ಸೊಪ್ಪನ್ನು ಬಿತ್ತನೆಗೆ ಮುಂಚೆ ಮಣ್ಣಿಗೆ ಸೇರಿಸಿ ಉಳುಮೆ ಮಾಡಿ. ಸೊಪ್ಪು ಎಳೆಯದು, ಬೇಗ ಕೊಳೆಯುತ್ತದೆ. ಎರಡು ಮೂರು ವರ್ಷ ಬಿಡದೆ ಹೀಗೆ ಮಾಡಿದರೆ ಮಣ್ಣು ಕೈಗೆ ಮೆದುವಾಗಿ ಸಿಗುತ್ತದೆ, ಎರೆಹುಳು ಕಾಣುತ್ತದೆ. ಮರದ ಮೇಲೆ ಕೂತ ಕಾಜಾಣ ಹುಳ ಹಿಡಿಯುತ್ತದೆ, ರಾತ್ರಿ ಗೂಬೆ ಇಲಿ ಹಿಡಿಯುತ್ತದೆ. ಒಣಗಿದ ಮರದ ತೂಕದಲ್ಲಿ ಹೆಚ್ಚೂಕಡಿಮೆ ಅರ್ಧ ಇಂಗಾಲವೇ. ಗಾಳಿಯಲ್ಲಿದ್ದದ್ದು ಬಂದು ನಿಮ್ಮ ಬದುವಿನಲ್ಲಿ ನಿಂತಿರುತ್ತದೆ.

ಮೂರನೇ ವರ್ಷದಿಂದ ರಾಗಿ ಬಿತ್ತುವ ಮುಂಚೆ ಹೊಂಗೆ, ಬೇವಿನ ಕೆಳಗಿನ ಕೊಂಬೆ ಸವರಿ. ಮರದಿಂದ ಮೂರು ಅಡಿ ಬಿಟ್ಟು ನೇಗಿಲನ್ನು ಸ್ವಲ್ಪ ಆಳಕ್ಕೆ ಹಾಯಿಸಿದರೆ ಪಕ್ಕಕ್ಕೆ ಹರಡುವ ಬೇರು ತುಂಡಾಗಿ, ಬೆಳೆಯ ಪಾಲು ಬೆಳೆಗೆ ಉಳಿಯುತ್ತದೆ. ಇಷ್ಟಾದರೂ ಮರದ ಬುಡದ ಒಂದೆರಡು ಸಾಲು ರಾಗಿ ಗಿಡ್ಡವಾಗಬಹುದು. ನಮ್ಮ ಹೊಲದಲ್ಲೂ ಆಗುತ್ತದೆ. ಆ ಸಾಲುಗಳಲ್ಲಿ ಈಗ ಹುರುಳಿ ಚೆಲ್ಲುತ್ತೇವೆ.