ನಲಿ-ಕಲಿ ತರಗತಿಯ ಮಗು ಈ ವರ್ಷ ಏನು ಕಲಿಯುತ್ತಿದೆ ಎಂದು ತಿಳಿಯುವ ಬಗೆ

ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳ ತಂದೆತಾಯಂದಿರು ಶಿಕ್ಷಕಿಯನ್ನು ಕಂಡಾಗ ಮೊದಲು ಕೇಳುವುದು “ಮೇಡಂ, ಈಗ ಎಷ್ಟನೇ ಪಾಠ ನಡೀತಾ ಇದೆ?” ಎಂದು. ಈ ಪ್ರಶ್ನೆಗೆ ನಲಿ-ಕಲಿ ಕೊಠಡಿಯಲ್ಲಿ ನೇರ ಉತ್ತರ ಸಿಗುವುದಿಲ್ಲ. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ದಿನ ಒಂದೇ ಪಾಠ ನಡೆಯುವುದಿಲ್ಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದೆ ಸಾಗುತ್ತದೆ. ಆದ್ದರಿಂದ ಪೋಷಕರು ಕೇಳಬೇಕಾದದ್ದು “ನಮ್ಮ ಮಗು ಯಾವ ಮೈಲಿಗಲ್ಲಿನಲ್ಲಿದೆ, ಅಲ್ಲಿಗೆ ಬಂದು ಎಷ್ಟು ದಿನವಾಯಿತು, ಎಲ್ಲಿ ತಡವರಿಸುತ್ತಿದೆ?” ಎಂಬುದನ್ನು. ಹೀಗೆ ಕೇಳಿದರೆ ಶಿಕ್ಷಕರು ತಮ್ಮ ದಾಖಲೆಯನ್ನೇ ತೆರೆದು ತೋರಿಸಬಲ್ಲರು.

ಈ ಪದ್ಧತಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿದಿದ್ದರೆ ಕೊಠಡಿಯೊಳಗಿನ ಗಲಿಬಿಲಿ ಅರ್ಥವಾಗುತ್ತದೆ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಬಹುವರ್ಗ ಬೋಧನೆಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಆರಂಭವಾಯಿತು. 2009-10ರಿಂದ ಅದನ್ನು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಸಣ್ಣ ಶಾಲೆಗಳಿಗೆ ಇದು ಹೊಂದುತ್ತದೆ. ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಅವೆಲ್ಲವನ್ನೂ ಕಲಿಕಾ ಏಣಿಯಲ್ಲಿ ಕ್ರಮವಾಗಿ ಜೋಡಿಸಲಾಗಿದೆ. ಓದು ಬಾರದ ಮಗುವೂ ತನ್ನ ಮುಂದಿನ ಕಾರ್ಡನ್ನು ತಾನೇ ಹುಡುಕಿಕೊಳ್ಳಲೆಂದು ಪ್ರತಿ ಕಾರ್ಡಿನ ಮೇಲೂ ಲೋಗೋ ಎಂದು ಕರೆಯುವ ಚಿತ್ರದ ಗುರುತಿರುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಸಹಾಯ ಸಾಕಾದವರು, ಗೆಳೆಯರ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಎಂದು ಮಕ್ಕಳು ಬೇರೆ ಬೇರೆ ಗುಂಪುಗಳಲ್ಲಿ, ಅಂದರೆ ತಟ್ಟೆಗಳಲ್ಲಿ, ಕುಳಿತುಕೊಳ್ಳುತ್ತಾರೆ. ಎರಡನೆಯ ತರಗತಿಯ ಮಗಳು ಒಂದನೆಯ ತರಗತಿಯ ಮಕ್ಕಳ ಜೊತೆ ಕುಳಿತಿದ್ದಾಳೆ ಎಂದು ಗಾಬರಿಯಾಗುವ ಅಗತ್ಯವಿಲ್ಲ. ಅವಳು ಯಾವ ಕಾರ್ಡಿನಲ್ಲಿದ್ದಾಳೆ ಎಂಬುದನ್ನು ನೋಡಿದರೆ ಸಾಕು.

ಶಾಲೆಗೆ ಹೋಗುವ ಸಮಯವನ್ನೂ ಯೋಚಿಸಿ ಆರಿಸಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ವರ್ಷದ ಕಲಿಕೆಯಲ್ಲಿ ಏನು ಉಳಿದಿದೆ, ಏನು ಮರೆತಿದೆ ಎಂದು ನೈದಾನಿಕ ಪರೀಕ್ಷೆಯಿಂದ ಕಂಡುಕೊಂಡು, ಕೆಲವು ದಿನ ಅದನ್ನೇ ಮತ್ತೆ ಕಲಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡುತ್ತಾರೆ. ಒಂದನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಆರಂಭದಲ್ಲಿ ವಿದ್ಯಾ ಪ್ರವೇಶ ಎಂಬ ಶಾಲಾ ಸಿದ್ಧತಾ ಕಾರ್ಯಕ್ರಮದ ಆಟ, ಹಾಡು, ಕಥೆಗಳಿರುತ್ತವೆ. “ತಿಂಗಳಾಯ್ತು, ಇನ್ನೂ ಒಂದಕ್ಷರ ಬರೆಸಿಲ್ಲ” ಎಂಬ ದೂರು ಹುಟ್ಟುವುದು ಇಲ್ಲಿಯೇ, ಮತ್ತು ಅದಕ್ಕೆ ಆಧಾರವಿಲ್ಲ. ಸೇತುಬಂಧ ಮುಗಿದ ಮೇಲೆ ಒಮ್ಮೆ, ದಸರಾ ರಜೆಗೆ ಮುನ್ನ ಒಮ್ಮೆ, ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಹೋಗಿಬಂದರೆ ವರ್ಷದ ಚಿತ್ರ ಸ್ಪಷ್ಟವಾಗುತ್ತದೆ. ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಮಾತನಾಡಲು ಸಾಮಾನ್ಯವಾಗಿ ಬಿಡುವು ಸಿಗುತ್ತದೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ, ಬಿಸಿಯೂಟದ ಗಡಿಬಿಡಿಯಲ್ಲಿ ಸಿಗುವುದಿಲ್ಲ. ಸಮುದಾಯದತ್ತ ಶಾಲೆ ಕಾರ್ಯಕ್ರಮಕ್ಕೂ ಪೋಷಕರ ಸಭೆಗೂ ತಪ್ಪದೆ ಹೋಗಿ, ಮಗುವಿನ ಕೃತಿಸಂಪುಟವನ್ನು, ಅಂದರೆ ಅದರ ಬರಹ, ಚಿತ್ರಗಳನ್ನು ಕೂಡಿಟ್ಟ ಕಡತವನ್ನು, ಕೇಳಿ ನೋಡಬೇಕು. ಜೂನ್‌ನಲ್ಲಿ ಬರೆದ ಹಾಳೆಯನ್ನೂ ನವೆಂಬರಿನಲ್ಲಿ ಬರೆದ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಅಂಕಪಟ್ಟಿಯಲ್ಲಿ ಕಾಣದ ಸಂಗತಿಗಳು ಕಾಣುತ್ತವೆ. ಯಾವ ಮಗು ಎಲ್ಲಿಗೆ ಬಂದಿದೆ ಎಂದು ತೋರಿಸುವ, ಕೊಠಡಿಯಲ್ಲಿರುವ ಪ್ರಗತಿ ನೋಟ ಎಂಬ ಪಟ್ಟಿಯನ್ನೂ, ನೆಲಮಟ್ಟದಲ್ಲಿ ಮಕ್ಕಳಿಗಾಗಿಯೇ ಇರುವ ಗೋಡೆ ಹಲಗೆಯಲ್ಲಿ ನಿಮ್ಮ ಮಗು ಬರೆದಿರುವುದನ್ನೂ ನೋಡಬಹುದು. ಪಕ್ಕದ ಮನೆಯ ಮಗು ಎಷ್ಟು ಮುಂದಿದೆ ಎಂದು ಹೋಲಿಸಿ ನೋಡುವುದಕ್ಕಾಗಿ ಆ ಪಟ್ಟಿಯನ್ನು ಬಳಸಬಾರದು.

ಈಗ ಕನ್ನಡದ ವಿಷಯಕ್ಕೆ ಬರೋಣ, ಏಕೆಂದರೆ ಮನೆಯವರಿಗೂ ಶಾಲೆಗೂ ಹೆಚ್ಚು ಎಳೆದಾಟ ನಡೆಯುವುದು ಇಲ್ಲಿ. ನಾವೆಲ್ಲ ಅ, ಆ, ಇ, ಈ ಎಂದು ಕಲಿತವರು. ನಲಿ-ಕಲಿಯ ಮಗು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಆಮೇಲೆ ಜ, ವ, ಮ, ಬ, ನ ಬರುತ್ತವೆ. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಾದ, ಬಳಕೆಯಲ್ಲಿ ಹೆಚ್ಚಿರುವ ಅಕ್ಷರಗಳು ಮುಂದೆ ಬಂದಿವೆ. ಮೊದಲ ಐದೇ ಅಕ್ಷರಗಳಲ್ಲಿ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಪೂರ್ತಿ ಪದಗಳನ್ನು ಓದಬಲ್ಲದು; ಹತ್ತು ಅಕ್ಷರ ಬಂದ ಮೇಲೆ ಮರ, ಜನ, ನಗರ, ಬಸವ, ಅವಸರ ಕೂಡ ಓದಿಗೆ ಸಿಗುತ್ತವೆ. ವರ್ಣಮಾಲೆಯನ್ನು ಆದಿಯಿಂದ ಹಿಡಿದ ಮಗು ಇಷ್ಟು ಬೇಗ ಪದಕ್ಕೆ ತಲುಪುವುದಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರು ಸಂಜೆ ವರ್ಣಮಾಲೆ ಬಾಯಿಪಾಠ ಮಾಡಿಸಿದರೆ ತೊಂದರೆಯೇನೂ ಇಲ್ಲ, ಆದರೆ ಬರೆಸುವಾಗ ಮಾತ್ರ ಶಾಲೆಯ ಕ್ರಮವನ್ನೇ ಹಿಡಿಯುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಹೊಸ ಪುಸ್ತಕ ಕೊಳ್ಳಬೇಕಾಗಿಲ್ಲ. ಹಳೆಯ ದಿನಪತ್ರಿಕೆಯ ತಲೆಬರಹ ಕೊಟ್ಟು, ಗೊತ್ತಿರುವ ಅಕ್ಷರಗಳಿಗೆ ಸುತ್ತು ಹಾಕಲು ಹೇಳಿ. ಬಸ್ ನಿಲ್ದಾಣದಲ್ಲಿ ‘ಸಾಗರ’ ಎಂಬ ಬೋರ್ಡು ಕಂಡರೆ ಗ ಮತ್ತು ರ ಮಗುವಿಗೆ ಸಿಗುತ್ತವೆ, ದೀರ್ಘವಿರುವ ಮೊದಲ ಅಕ್ಷರ ಸಿಗುವುದಿಲ್ಲ. ಅದನ್ನು ನೀವೇ ಓದಿ ಹೇಳಿ ಮುಂದೆ ಸಾಗಿ. ಮಗು ನಿಜವಾಗಿ ಓದುತ್ತಿದೆಯೋ ಅಥವಾ ಕಾರ್ಡನ್ನು ನೆನಪಿನಿಂದ ಒಪ್ಪಿಸುತ್ತಿದೆಯೋ ಎಂಬ ಅನುಮಾನ ಬಂದರೆ, ಚಿತ್ರವನ್ನು ಕೈಯಿಂದ ಮುಚ್ಚಿ, ಕೊನೆಯ ಪದದಿಂದ ಹಿಂದಕ್ಕೆ ಓದಿಸಬೇಕು. ತಡೆದು ತಡೆದು ಓದಿದರೂ ಚಿಂತೆಯಿಲ್ಲ, ಅದು ಓದು. ಸರಾಗವಾಗಿ ಬೇರೆಯೇ ಪದ ಹೇಳಿದರೆ ಅದು ನೆನಪು.

ಕಾಗುಣಿತದಲ್ಲಿಯೂ ಇದೇ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳುವ ಮಗುವಿಗೆ ‘ಕೊ’ ಒಂದನ್ನೇ ಬರೆದು ತೋರಿಸಿದರೆ, ಬೆರಳು ಮಡಿಸುತ್ತಾ ಮತ್ತೆ ಮೊದಲಿನಿಂದ ಎಣಿಸಿಕೊಂಡು ಬರುತ್ತದೆ. ಆದ್ದರಿಂದ ಸಾಲಾಗಿ ಹೇಳಿಸುವುದನ್ನು ಕಡಿಮೆ ಮಾಡಿ, ಕೆ-ಕೇ, ಕೊ-ಕೋ ಎಂಬ ಜೋಡಿಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಹೇಳಬೇಕು. ಒತ್ತಕ್ಷರದ ಹಂತದಲ್ಲಿ, ದಿನಕ್ಕೆ ನೂರು ಸಲ ಅಕ್ಕನನ್ನು ಕೂಗುವ ಮಗುವೇ ಪುಸ್ತಕದಲ್ಲಿ ‘ಅಕಕ’ ಎಂದು ಓದುತ್ತದೆ. ಅಕ್ಕ, ಅಮ್ಮ, ಹಳ್ಳ, ಬೆಲ್ಲ ಮುಂತಾದ ಸಜಾತೀಯ ಒತ್ತುಗಳು ಗಟ್ಟಿಯಾಗುವವರೆಗೆ ಪತ್ರ, ಸೂರ್ಯ, ಪುಸ್ತಕಗಳ ಕಡೆಗೆ ಅವಸರಪಡಬಾರದು. ಹಾಗೆಯೇ ಮೈಸೂರು, ಮಂಡ್ಯದ ಕಡೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದರೆ ಅದನ್ನು ಓದಿನ ತಪ್ಪೆಂದು ಗದರಿಸಬೇಕಾಗಿಲ್ಲ. ಬರೆಯುವಾಗ ಹಕಾರ ಇಟ್ಟರೆ ಸದ್ಯಕ್ಕೆ ಸಾಕು. ಮನೆಯಲ್ಲಿ ತುಳು, ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕನ್ನಡದ ಮಾತು ಬೇಕಾಗುತ್ತದೆ. ಅವರ ಏಣಿ ಮೊದಲ ತಿಂಗಳುಗಳಲ್ಲಿ ನಿಧಾನವಾಗುವುದು ಸಹಜ.

ಗಣಿತದಲ್ಲಿ ಗುರಿ ಸ್ಪಷ್ಟವಾಗಿದೆ. ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು ಒಂದನೆಯ ತರಗತಿಯ ಕೊನೆಗೆ 99ರವರೆಗೆ, ಎರಡನೆಯದರ ಕೊನೆಗೆ 999ರವರೆಗೆ, ಮೂರನೆಯದರ ಕೊನೆಗೆ 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕೆಂದು ಹೇಳುತ್ತದೆ. ಬಾಯಿಲೆಕ್ಕದಲ್ಲಿ ಚುರುಕಾಗಿರುವ ಮಗುವೂ ‘ನೂರ ಏಳು’ ಬರೆಯಲು ಹೇಳಿದರೆ ಮೊದಲು 100 ಬರೆದು, ಪಕ್ಕದಲ್ಲಿ 7 ಇಟ್ಟು, 1007 ಮಾಡುತ್ತದೆ. ಸ್ಥಾನಬೆಲೆ ಇನ್ನೂ ಕೂತಿಲ್ಲ ಎಂಬುದಕ್ಕೆ ಇದು ನಿಖರವಾದ ಸುಳಿವು. ಮಗ್ಗಿ ಬಾಯಿಪಾಠ ಮಾಡಿಸುವುದರಿಂದ ಇದು ಸರಿಹೋಗುವುದಿಲ್ಲ.

ಪೊರಕೆ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು, ಹತ್ತು ಹತ್ತರ ಕಟ್ಟು ಕಟ್ಟಿ, ಉಳಿದವನ್ನು ಬಿಡಿಯಾಗಿ ಇಟ್ಟುಕೊಳ್ಳಿ. 52ರಲ್ಲಿ 27 ಕಳೆಯುವ ಲೆಕ್ಕವಿದೆ ಎಂದುಕೊಳ್ಳೋಣ. ಮಗುವಿನ ಮುಂದೆ ಐದು ಕಟ್ಟು, ಎರಡು ಬಿಡಿ ಇಡಿ. ಏಳು ಬಿಡಿ ಕೊಡು ಎಂದರೆ ಅದಕ್ಕೆ ಕೊಡಲಾಗುವುದಿಲ್ಲ. ಸ್ವಲ್ಪ ಹೊತ್ತು ನೀವು ಏನೂ ಹೇಳದೆ ಕಾಯಿರಿ. ಬಹಳಷ್ಟು ಮಕ್ಕಳು ತಾವೇ ಒಂದು ಕಟ್ಟಿನ ದಾರ ಬಿಚ್ಚುತ್ತಾರೆ. ಈಗ ಕಟ್ಟು ನಾಲ್ಕು, ಬಿಡಿ ಹನ್ನೆರಡು. ಏಳು ಬಿಡಿ ತೆಗೆದರೆ ಐದು, ಎರಡು ಕಟ್ಟು ತೆಗೆದರೆ ಎರಡು, ಒಟ್ಟು 25. ಇದನ್ನು ಕೈಯಾರೆ ಹಲವು ಸಲ ಮಾಡಿದ ಮೇಲೆಯೇ ಅದೇ ಲೆಕ್ಕವನ್ನು ಸ್ಲೇಟಿನಲ್ಲಿ ಬರೆಸಬೇಕು. ಶಾಲೆಯಲ್ಲಿ ಇದನ್ನು ದಶಕ ಸಹಿತ ವ್ಯವಕಲನ ಎನ್ನುತ್ತಾರೆ. ಮನೆಯಲ್ಲಿ “ಪಕ್ಕದ ಮನೆಯಿಂದ ಒಂದು ಸಾಲ ತಗೋ” ಎಂದು ಹೇಳಿಕೊಡುವ ರೂಢಿ ನನಗೆ ಅಷ್ಟು ಹಿಡಿಸುವುದಿಲ್ಲ, ಏಕೆಂದರೆ ಸಾಲ ತಂದದ್ದು ಒಂದಾದರೆ ಅದು ಹತ್ತಾದದ್ದು ಹೇಗೆ ಎಂದು ಮಗು ಕೇಳಿದರೆ ಆ ಮಾತಿನಲ್ಲಿ ಉತ್ತರವಿಲ್ಲ, ಬಿಚ್ಚಿದ ಕಟ್ಟಿನಲ್ಲಿದೆ.

ಪರಿಸರ ಅಧ್ಯಯನಕ್ಕೆ ಮನೆಪಾಠ ಬೇಡ. ಕುಟುಂಬ, ಆಹಾರ, ನೀರು, ಗಿಡ, ಪ್ರಾಣಿ ಎಂಬ ವಿಷಯಗಳ ಬಗ್ಗೆ ಮಗು ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟರೆ ಆಯಿತು. ಇಂಗ್ಲಿಷ್ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇದೆ, ಆದರೆ ಈ ಹಂತದಲ್ಲಿ ಕೇಳುವುದಕ್ಕೂ ಆಡುವುದಕ್ಕೂ ಒತ್ತು ಹೆಚ್ಚು. ಅದರ ಕಾಗುಣಿತವನ್ನು ನೂರು ಸಲ ಬರೆಸುವ ಪೋಷಕರು ಆ ಹೊತ್ತನ್ನು ಕನ್ನಡದ ಓದಿಗೆ ಕೊಡುವುದು ಮೇಲು.

ಜಾತ್ರೆಗೆಂದೋ ಕೂಲಿಗೆಂದೋ ಮಗುವನ್ನು ಊರಿಗೆ ಕರೆದುಕೊಂಡು ಹೋಗಬೇಕಾದರೆ ಶಿಕ್ಷಕರಿಗೆ ಮೊದಲೇ ತಿಳಿಸಿ, ಯಾವ ಕಾರ್ಡಿನಲ್ಲಿ ನಿಂತಿದೆ ಎಂದು ಬರೆದುಕೊಂಡು ಹೋಗಬೇಕು. ಮರಳಿ ಬಂದ ಮಗು ಬಿಟ್ಟ ಜಾಗದಿಂದಲೇ ಏಣಿ ಹತ್ತುತ್ತದೆ, ನಡುವಿನ ಪಾಠ ತಪ್ಪಿಹೋಗುವುದಿಲ್ಲ. ಇದು ಈ ಪದ್ಧತಿಯ ದೊಡ್ಡ ಅನುಕೂಲ. ಆದರೂ ವರ್ಷದ ದಿನಗಳು ಇರುವಷ್ಟೇ ಆದ್ದರಿಂದ, ಪದೇ ಪದೇ ಗೈರುಹಾಜರಾದ ಮಗು ಏಪ್ರಿಲ್ ಹೊತ್ತಿಗೆ ಏಣಿಯ ನಡುವಿನಲ್ಲಿಯೇ ಉಳಿಯುತ್ತದೆ.

ಮೂರನೆಯ ತರಗತಿಯ ಪೋಷಕರಿಗೆ ಒಂದು ಕೆಲಸ ಹೆಚ್ಚಿದೆ. ನಾಲ್ಕನೆಯ ತರಗತಿಯಲ್ಲಿ ಕಾರ್ಡು, ತಟ್ಟೆ, ಏಣಿ ಇರುವುದಿಲ್ಲ. ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ದಿನ ಒಂದೇ ಪಾಠ. ಆದ್ದರಿಂದ ಜನವರಿಯಲ್ಲಿಯೇ, ಮಗು ಮೊದಲು ನೋಡಿರದ ಒಂದು ಪುಟದ ಕಥೆಯನ್ನು ಕೊಟ್ಟು ಓದಿಸಿ, ಏನಾಯಿತೆಂದು ಅದರ ಮಾತಿನಲ್ಲೇ ಹೇಳಿಸಿ ನೋಡಬೇಕು. ನಿಪುಣ್ ಗುರಿಯಂತೆ ಮೂರನೆಯ ತರಗತಿಯ ಮಗು ನಿಮಿಷಕ್ಕೆ 60 ಪದಗಳನ್ನಾದರೂ ಅರ್ಥಮಾಡಿಕೊಂಡು ಓದಬೇಕು, ಆದರೆ ಮನೆಯಲ್ಲಿ ಗಡಿಯಾರ ಹಿಡಿದು ಕೂರುವುದು ಬೇಡ; ಕಥೆ ಹೇಳಲು ಬಂದರೆ ಓದು ಬಂದಿದೆ ಎಂದೇ ಲೆಕ್ಕ. ಹೇಳಲು ಬಾರದಿದ್ದರೆ, ಎಲ್ಲಿ ತಡೆಯಿತು, ಒತ್ತಕ್ಷರದಲ್ಲೋ ದೀರ್ಘದಲ್ಲೋ ಪದದ ಅರ್ಥದಲ್ಲೋ ಎಂದು ಒಂದು ಚೀಟಿಯಲ್ಲಿ ಬರೆದು ಅದೇ ವಾರ ಶಿಕ್ಷಕರ ಕೈಗೆ ಕೊಡಿ. ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಅದನ್ನು ಸರಿಪಡಿಸಲು ಅವರಿಗೆ ಇನ್ನೂ ಸಮಯವಿರುತ್ತದೆ.