ಟಿಕೆಟ್ ಯಾರು ತೆಗೆಸಿದರು? ಗಾರ್ಮೆಂಟ್ಸ್‌ನಲ್ಲಿ ಜೀತ ತಡೆಯುವ ನೀತಿ ಜಾರಿ ಮಾಡಿದ ಬಗೆ

ಬ್ರಿಟನ್‌ನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಕಲಂ ಅಲ್ಲಿ ವ್ಯಾಪಾರ ಮಾಡುವ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚು ವಹಿವಾಟಿರುವ ಕಂಪನಿಗಳಿಗೆ ಅನ್ವಯಿಸುತ್ತದೆ. ಪೂರೈಕೆ ಸರಪಳಿಯಲ್ಲಿ ಜೀತ, ಬಲವಂತದ ದುಡಿಮೆ ನುಸುಳದಂತೆ ಏನು ಮಾಡಿದ್ದೇವೆ ಎಂದು ಅವು ಪ್ರತಿವರ್ಷ ಹೇಳಿಕೆ ಹೊರಡಿಸಬೇಕು. ಆಡಳಿತ ಮಂಡಳಿ ಒಪ್ಪಬೇಕು, ನಿರ್ದೇಶಕರೊಬ್ಬರು ಸಹಿ ಹಾಕಬೇಕು. 'ಏನೂ ಮಾಡಿಲ್ಲ' ಎಂದು ಬರೆದರೂ ಆ ಕಲಮಿನ ಮಟ್ಟಿಗೆ ಸರಿಯೇ! ಹಾಗಾಗಿಯೇ ಬೆಂಗಳೂರಿನ ರಫ್ತು ಗಾರ್ಮೆಂಟ್ಸ್‌ಗಳಿಗೆ ಬರುವ ನೀತಿಪತ್ರಗಳಲ್ಲಿ ಬಹುಪಾಲು ಸಹಿಯಾಗಿ ಫೈಲು ಸೇರುತ್ತವೆ. ನಮಗೆ ಬಟ್ಟೆ ಹೊಲಿದುಕೊಡುವ ಕಾರ್ಖಾನೆಗಳಿಗೆಂದು ನಮ್ಮ ನೀತಿ ಬರೆಯುವಾಗ ಒಂದೇ ಪಟ್ಟು ಹಿಡಿದೆವು: ಪ್ರತಿ ವಾಕ್ಯಕ್ಕೂ ತೆರೆದು ನೋಡಬಹುದಾದ ಒಂದು ದಾಖಲೆ ಇರಬೇಕು, ಇಲ್ಲದಿದ್ದರೆ ಆ ವಾಕ್ಯವೇ ಬೇಡ. 'ಮಾನವ ಹಕ್ಕುಗಳಿಗೆ ನಾವು ಬದ್ಧ' ಎಂಬುದು ಮೊದಲು ಹೋಯಿತು.

ಉಳಿದದ್ದು ಇಷ್ಟು. ಕೆಲಸ ಸಿಗಲು ಕಾರ್ಮಿಕರು ಒಂದು ರೂಪಾಯಿಯನ್ನೂ ಕೊಡಬಾರದು. ಆಧಾರ್ ಮತ್ತು ಎಟಿಎಂ ಕಾರ್ಡ್ ಅವರ ಬಳಿಯೇ ಇರಬೇಕು. ಮುಂಗಡ ಒಂದು ತಿಂಗಳ ಸಂಬಳ ಮೀರಬಾರದು, ಅದಕ್ಕೆ ಬಡ್ಡಿ ಇಲ್ಲ, ಬಾಕಿ ಇದ್ದರೂ ಕೆಲಸ ಬಿಟ್ಟು ಹೋಗಬಹುದು. ನಮಗೆ ತಿಳಿಸದೆ ಜಾಬ್‌ವರ್ಕ್ (ಕೂಲಿಗೆ ಹೊಲಿದುಕೊಡುವ ಕೆಲಸ) ಹೊರಗೆ ಕೊಡುವಂತಿಲ್ಲ.

ಮೊದಲನೆಯದನ್ನು ಪರೀಕ್ಷಿಸುವುದೇ ಕಷ್ಟ. ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬರುವ ಹೆಣ್ಣುಮಕ್ಕಳಲ್ಲಿ ಕೆಲವರು ಸರ್ಕಾರಿ ಕೌಶಲ ಯೋಜನೆಯ ತರಬೇತಿ ಕೇಂದ್ರಗಳಿಂದ ಬರುತ್ತಾರೆ, ಕೆಲವರು ಊರಿನ ಏಜೆಂಟರ ಮೂಲಕ. 'ಕಮಿಷನ್ ಕೊಟ್ಟಿರಾ?' ಎಂದು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಹಾಗೆ ಹೇಳಬೇಕೆಂದು ರೈಲಿನಲ್ಲೇ ಪಾಠವಾಗಿರುತ್ತದೆ. ಅಥವಾ ಅವರ ಲೆಕ್ಕದಲ್ಲಿ ಅದು ಕಮಿಷನ್ನೇ ಅಲ್ಲ, ಪರಿಚಯದವರಿಗೆ ಕೊಟ್ಟ ಖರ್ಚು. ಆದ್ದರಿಂದ ಪ್ರಯಾಣ ನಡೆದ ಕ್ರಮದಲ್ಲೇ ಕೇಳುತ್ತೇವೆ. ಟಿಕೆಟ್ ಯಾರು ತೆಗೆಸಿದರು? ಮೆಡಿಕಲ್ ಟೆಸ್ಟಿಗೆ ಎಷ್ಟಾಯಿತು? ದಾರಿಯ ಊಟ ಯಾರದು? ಹಾಸ್ಟೆಲ್ ಡೆಪಾಸಿಟ್ ಕೊಟ್ಟಿರಾ? ಮೊದಲ ಸಂಬಳದಲ್ಲಿ ಎಷ್ಟು ಕಳಿಸಿದಿರಿ, ಯಾರ ಹೆಸರಿಗೆ? ಸಾಲ ಇದ್ದರೆ ಈ ಕೊನೆಯ ಪ್ರಶ್ನೆಗೆ ಹೊರಬೀಳುತ್ತದೆ. ಮಾತುಕತೆ ಫ್ಯಾಕ್ಟರಿಯ ಹೊರಗೆ, ಅವರ ಭಾಷೆ ಬಲ್ಲ ಹೆಂಗಸಿನ ಜೊತೆ ನಡೆಯಬೇಕು. ಯಾರನ್ನು ಮಾತಾಡಿಸಬೇಕೆಂದು ಸೂಪರ್‌ವೈಸರ್ ಆರಿಸಕೂಡದು. ನಾಲ್ಕು ಜನ ಒಂದೇ ಪದಗಳಲ್ಲಿ ಉತ್ತರ ಕೊಟ್ಟರೆ ಅವತ್ತಿನ ಹಾಳೆ ಪಕ್ಕಕ್ಕಿಟ್ಟು, ಬೇರೆ ದಿನ ಬೇರೆಯವರನ್ನು ಮಾತಾಡಿಸಬೇಕು.

ಖರ್ಚು ಆಗಿದೆ ಎಂದು ಖಚಿತವಾದರೆ ಕಾರ್ಖಾನೆ ಅದನ್ನು ವಾಪಸ್ ಕೊಡಬೇಕು, ವೇತನ ಚೀಟಿಯಲ್ಲಿ ಪ್ರತ್ಯೇಕ ನಮೂದಾಗಿ. ರಸೀದಿ ಕೇಳಬಾರದು. ಊರಿನ ಏಜೆಂಟ್ ಯಾವತ್ತು ರಸೀದಿ ಕೊಟ್ಟಿದ್ದಾನೆ?

ಸಂಬಳದ ದಿನ ಬ್ಯಾಂಕಿಗೆ ಹೋಗುವ ಎಕ್ಸೆಲ್ ಫೈಲು ಇಡೀ ಆಡಿಟ್ ವರದಿಗಿಂತ ಹೆಚ್ಚು ಹೇಳುತ್ತದೆ. ಅದನ್ನು ಮೊದಲು ಖಾತೆ ಸಂಖ್ಯೆಯ ಪ್ರಕಾರ, ಆಮೇಲೆ ನೋಂದಾಯಿತ ಮೊಬೈಲ್ ಸಂಖ್ಯೆಯ ಪ್ರಕಾರ ಜೋಡಿಸಿ ನೋಡಿ. ಆರೇಳು ಹೆಸರುಗಳ ಮುಂದೆ ಒಂದೇ ಮೊಬೈಲ್ ಇದ್ದರೆ ಅದು ವಾರ್ಡನ್‌ದೋ ಏಜೆಂಟನದೋ ಇರಬಹುದು. ಓಟಿಪಿ ಯಾರ ಫೋನಿಗೆ ಹೋಗುತ್ತದೋ ಖಾತೆಯೂ ಅವರ ಹಿಡಿತದಲ್ಲೇ. ಅಕ್ಕತಂಗಿಯರು ಒಂದೇ ಫೋನ್ ಬಳಸುವುದೂ ಉಂಟು, ಕೇಳಿಯೇ ತಿಳಿಯಬೇಕು. ನಂತರ ಕಡಿತಗಳು. ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರಬಾರದು ಎಂಬುದು ಕಾನೂನಿನ ಮಿತಿ. ನಾವು ಕಾಲು ಭಾಗ ದಾಟಿದ ಕೂಡಲೇ ವಿಚಾರಿಸುತ್ತೇವೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿಯಡಿ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯಾಡ್ (ದೆಹಲಿ ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಹೇಳಿದೆ. 'ಅದು ವೇತನದ ವಿಷಯ, ಗುಲಾಮಗಿರಿಯದ್ದಲ್ಲ' ಎಂದು ವಾದಿಸುವ ಮ್ಯಾನೇಜರುಗಳಿಗೆ ಈ ತೀರ್ಪು ತೋರಿಸಿದರೆ ಸಾಕು.

ಕದ್ದು ಹೊರಗೆ ಕೊಟ್ಟ ಜಾಬ್‌ವರ್ಕ್ ಹಿಡಿಯಲು ಲೆಕ್ಕವೇ ಸಾಕು. ಒಂದು ಲೈನಿನಲ್ಲಿ 40 ಟೈಲರ್‌ಗಳು, 8 ಗಂಟೆ ಅಂದರೆ 19,200 ನಿಮಿಷ. ದಕ್ಷತೆ ಶೇ 50 ಎಂದಿಟ್ಟರೆ ಕೈಗೆ ಸಿಗುವುದು 9,600. ಶರ್ಟಿನ ಸ್ಯಾಮ್, ಅಂದರೆ ಒಂದು ಪೀಸ್ ಹೊಲಿಯಲು ನಿಗದಿಯಾದ ಸಮಯ, 20 ನಿಮಿಷವಾದರೆ ದಿನಕ್ಕೆ 480 ಪೀಸ್. ಅದೇ ಲೈನಿನ ಹೆಸರಲ್ಲಿ ದಿನಕ್ಕೆ 800 ಪ್ಯಾಕಿಂಗ್ ಆಗುತ್ತಿದ್ದರೆ ಉಳಿದ 320 ಎಲ್ಲಿ ಹೊಲಿದದ್ದು? ಓಟಿ, ಅಂದರೆ ಹೆಚ್ಚುವರಿ ದುಡಿಮೆಯ, ರಿಜಿಸ್ಟರ್ ತೆರೆಯಿರಿ: ಅಲ್ಲಿ ಗಂಟೆಗಳಿದ್ದು ಎರಡರಷ್ಟು ಕೂಲಿ ಇಲ್ಲದಿದ್ದರೆ ಒಂದು ಬಗೆಯ ಸಮಸ್ಯೆ, ಗಂಟೆಗಳೂ ಇಲ್ಲದಿದ್ದರೆ ಬಟ್ಟೆ ಯಾವುದೋ ಶೆಡ್ಡಿಗೆ ಹೋಗಿ ಬಂದಿದೆ. ಗೇಟಿನಲ್ಲಿ ಬರೆದ ವಾಹನಗಳ ಪುಸ್ತಕ ಮತ್ತು ಕಟಿಂಗ್ ವಿಭಾಗದ ಬಂಡಲ್ ಚೀಟಿ ಜೊತೆಗಿಟ್ಟು ನೋಡಿದರೆ ಯಾವ ದಿನ ಎಂಬುದೂ ಸಿಗುತ್ತದೆ.

ಹಾಸ್ಟೆಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಂಡಸರ ಹಾಸ್ಟೆಲಿಗೂ ಹೆಂಗಸರ ಹಾಸ್ಟೆಲಿಗೂ ಹೋಗಿಬರುವ ನಿಯಮ ಒಂದೇನಾ ನೋಡಿ, ಬೀಗ ಒಳಗಿನಿಂದ ತೆಗೆಯಲು ಬರುತ್ತದಾ ನೋಡಿ. ಭಾನುವಾರ ಎರಡು ತಾಸು ಮಾತ್ರ ಹೊರಗೆ ಬಿಡುವುದಕ್ಕೆ 'ಸುರಕ್ಷತೆ' ಎಂಬ ಕಾರಣ ಕೊಡುತ್ತಾರೆ. ದೂರಿನ ಫೋನ್ ನಂಬರನ್ನು ಗೇಟಿನ ಬೋರ್ಡಿನ ಮೇಲೆ, ಕ್ಯಾಮೆರಾ ಕೆಳಗೆ ಅಂಟಿಸಿದರೆ ಯಾರೂ ಬರೆದುಕೊಳ್ಳುವುದಿಲ್ಲ. ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ.

ನೂಲಿನ ಮಿಲ್ಲುಗಳ ಜೊತೆ ನಮಗೆ ನೇರ ವ್ಯವಹಾರವಿಲ್ಲ. ಆದರೆ ತಮಿಳುನಾಡಿನ ಮಿಲ್ಲುಗಳಲ್ಲಿ 'ಸುಮಂಗಲಿ' ಹೆಸರಲ್ಲಿ ನಡೆದದ್ದನ್ನು ಮರೆಯುವಂತಿಲ್ಲ: ಮೂರು ವರ್ಷ ದುಡಿದ ಮೇಲೆ ಮದುವೆಗೆಂದು ಇಡಿಗಂಟು, ನಡುವೆ ಕೆಲಸ ಬಿಟ್ಟರೆ ಆ ಗಂಟು ಕೈತಪ್ಪಿದ ಹಾಗೆ. ಹೆಸರು ಬದಲಾಗಬಹುದು. ಅವಧಿ ಮುಗಿದ ಮೇಲಷ್ಟೇ ಸಿಗುವ ಯಾವ ಹಣವನ್ನೂ ನಾವು ಅನುಮಾನದಿಂದಲೇ ನೋಡುತ್ತೇವೆ. ಬಟ್ಟೆಯ ಆರ್ಡರಿನಲ್ಲಿ ಒಂದು ಷರತ್ತು ಸೇರಿಸಿದೆವು: ಚಲನ್ನಿನಲ್ಲಿ ಮಿಲ್ಲಿನ ಹೆಸರು, ನೂಲಿನ ಲಾಟ್ ಸಂಖ್ಯೆ ಇಲ್ಲದಿದ್ದರೆ ಬಿಲ್ ಪಾಸಾಗುವುದಿಲ್ಲ. ಹಣ ನಿಂತರೆ ಮಾಹಿತಿ ಬರುತ್ತದೆ.

ಜೀತವೇ ಸಿಕ್ಕರೆ? ತಕ್ಷಣ ಆರ್ಡರ್ ರದ್ದು ಮಾಡುವುದು ಸುಲಭ, ಆದರೆ ಕಾರ್ಮಿಕರು ಅದೇ ಸಾಲ ಹೊತ್ತು ಇನ್ನೂ ಕೆಟ್ಟ ಕಡೆಗೆ ಹೋಗುತ್ತಾರೆ, ಮುಂದಿನ ಪೂರೈಕೆದಾರ ಮುಚ್ಚಿಡುವುದನ್ನು ಕಲಿಯುತ್ತಾನೆ. ಒಳಗೊಳಗೇ ರಾಜಿಯೂ ಸಲ್ಲದು. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲ ಕಾನೂನಿನಲ್ಲೇ ರದ್ದಾದದ್ದು. ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಟ್ಟು ಬಿಡುಗಡೆ ಪ್ರಮಾಣಪತ್ರ ಕೊಡಿಸಬೇಕು. ಪುನರ್ವಸತಿ ನೆರವಿಗೆ ಅದೇ ಆಧಾರ. ಮಕ್ಕಳಿದ್ದರೆ ಮೊದಲು ಮಕ್ಕಳ ಸಹಾಯವಾಣಿ 1098.

ಇಷ್ಟೆಲ್ಲ ಮಾಡಿಯೂ ಖರೀದಿ ವಿಭಾಗ ಕೈಜೋಡಿಸದಿದ್ದರೆ ನೀತಿ ನಿಲ್ಲುವುದಿಲ್ಲ. ಜಾಬ್‌ವರ್ಕ್ ದರವನ್ನು ಸ್ಯಾಮ್‌ನಿಂದ ಭಾಗಿಸಿದಾಗ ಬರುವ ನಿಮಿಷದ ದರ ಕನಿಷ್ಠ ವೇತನ, ಪಿಎಫ್, ಇಎಸ್‌ಐಗಳಿಗೇ ಸಾಲದಿದ್ದರೆ ಆ ಆರ್ಡರಿಗೆ ನಾವು ಸಹಿ ಹಾಕುವುದಿಲ್ಲ. ಕಟಿಂಗ್ ಶುರುವಾದ ಮೇಲೆ ಬಣ್ಣವೋ ಸಂಖ್ಯೆಯೋ ಬದಲಾದರೆ ತಲುಪಿಸುವ ದಿನಾಂಕವೂ ಮುಂದಕ್ಕೆ ಹೋಗಬೇಕು, ಅದನ್ನು ಆರ್ಡರಿನ ಪತ್ರದಲ್ಲೇ ಬರೆಸುತ್ತೇವೆ. ಬೇರೆಲ್ಲ ಷರತ್ತಿಗಿಂತ ಹೆಚ್ಚು ಜಗಳ ಇದೊಂದಕ್ಕೇ.